ಊರ ಗ್ರಂಥಾಲಯದ ಹಳೇ ಮಾಸಪತ್ರಿಕೆಗಳು: ಫೋನಲ್ಲಿ ಫೋಟೊ ಹೊಡೆದು ಗ್ರೂಪಿಗೆ ಹಾಕಿದ್ರೆ ಸಾಕಾ?

ತುಂಗೆಯ ದಡ
ಊರಿನ ಗ್ರಂಥಾಲಯಕ್ಕೆ ಹೊಸ ಕಟ್ಟಡ ಬರ್ತಿದೆ. ಹಳೇ ಕೋಣೆಯ ಅಟ್ಟದಲ್ಲಿ ಕನ್ನಡ ಮಾಸಪತ್ರಿಕೆಗಳ ಕಟ್ಟುಗಳಿವೆ. ಹೆಚ್ಚಿನವು 1930ರಿಂದ 1970ರ ನಡುವಿನವು. ಜೊತೆಗೆ ಯುವಕ ಸಂಘದ ವಾರ್ಷಿಕ ಸಂಚಿಕೆಗಳು, ನಾಟಕದ ಕರಪತ್ರಗಳು. ಕೆಲವು ಬೈಂಡ್ ಆಗಿವೆ, ಉಳಿದವು ದಾರ ಸುತ್ತಿದ ಬಿಡಿ ಸಂಚಿಕೆಗಳು. ಅಂಚು ಮುಟ್ಟಿದರೆ ಪುಡಿಯಾಗುತ್ತೆ.

ಗುಜರಿಗೆ ಹಾಕೋ ಮಾತು ಬಂದಿತ್ತು, ಸದ್ಯಕ್ಕೆ ತಡೆದಿದೀವಿ. ಹುಡುಗರು "ಫೋನಲ್ಲಿ ಫೋಟೊ ಹೊಡೆದು, ಪಿಡಿಎಫ್ ಮಾಡಿ, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡೋಣ" ಅಂತಾರೆ. ಫೋನ್ ಸಾಕಾ, ಸ್ಕ್ಯಾನರ್ ಬೇಕಾ? ಹಕ್ಕುಸ್ವಾಮ್ಯದ ತಕರಾರು ಬರುತ್ತಾ? ಎಲ್ಲಿ ಇಟ್ಟರೆ ಇನ್ನು ಇಪ್ಪತ್ತು ವರ್ಷ ಆದ್ಮೇಲೂ ಸಿಗುತ್ತೆ? ಈ ಕೆಲಸ ಬಲ್ಲವರು ಬಿಡಿಸಿ ಹೇಳಿ.

ಕಡತದ ಕೋಣೆ
ಫೋನ್ ಆಮೇಲೆ. ಮೊದಲು ಪಟ್ಟಿ.

ಒಂದು ಸ್ಪ್ರೆಡ್‌ಶೀಟ್ ತೆರೀರಿ. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ತಿಂಗಳು, ವರ್ಷ, ಸಂಪಾದಕರು, ಮುದ್ರಣಾಲಯ ಮತ್ತು ಊರು, ಒಟ್ಟು ಪುಟ, ಕಾಣೆಯಾದ ಪುಟ, ಸ್ಥಿತಿ. ಒಂದು ಸಂಚಿಕೆಗೆ ಒಂದೇ ಸಾಲು. ಪಟ್ಟಿ ಇಲ್ಲದೆ ಫೋಟೊ ತೆಗೆಯಕ್ಕೆ ಶುರು ಮಾಡಿದ್ರೆ ಒಂದೇ ಸಂಚಿಕೆಯನ್ನ ಇಬ್ಬರು ತೆಗೀತಾರೆ, ಇನ್ನೊಂದನ್ನ ಯಾರೂ ತೆಗೆಯಲ್ಲ. ಆಮೇಲೆ "ಸ್ಕ್ಯಾನ್ 47" ಅನ್ನೋ ಹೆಸರಿನ ಫೈಲು ಯಾವ ಪತ್ರಿಕೆದು ಅಂತ ಪತ್ತೆ ಹಚ್ಚೋಕೆ ಮತ್ತೆ ಕಟ್ಟು ಬಿಚ್ಚಬೇಕಾಗುತ್ತೆ.

ಶುಚಿ ಮಾಡುವಾಗ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಶ್ ಸಾಕು, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಬೇಕು. ಬೂಷ್ಟು ಹಿಡಿದ ಕಟ್ಟುಗಳನ್ನ ಬೇರೆ ಮಾಡಿ, ಕೋಣೆಯ ಹೊರಗೆ ಬಿಚ್ಚಿ, ಎನ್95 ಮಾಸ್ಕ್ ಹಾಕ್ಕೊಳ್ಳಿ. ತುಕ್ಕು ಹಿಡಿದ ಪಿನ್ನನ್ನ ಎಳೆಯಬೇಡಿ. ಹಿಂದಿನಿಂದ ಅದರ ಎರಡು ಕಾಲುಗಳನ್ನ ತೆಳ್ಳಗಿನ ಚಾಕುವಿನ ಮೊಂಡು ಬದಿಯಿಂದ ನೆಟ್ಟಗೆ ಮಾಡಿ, ಮುಂದಿನಿಂದ ತೆಗೀರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಲೇಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರದ ಮೇಲೇ ಕೂರುತ್ತೆ.

ಅಡಿಕೆ ತೋಟ
ತೇವ ಇದ್ರೆ ಬಿಸಿಲಿಗೆ ಹಾಕಬಹುದಾ?

ಕಡತದ ಕೋಣೆ
ಬೇಡ. ಆ ಕಾಲದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತೆ, ಬಿಸಿಲು ಬಿದ್ದರೆ ಇನ್ನಷ್ಟು ಪೆಡಸಾಗಿ ಮುರಿಯುತ್ತೆ. ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಹಾಗೆ, ಪುಟಗಳ ನಡುವೆ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಇಟ್ಟು ಒಣಗಿಸಿ. ಒತ್ತುಕಾಗದ ತೇವ ಹೀರಿದ ಕೂಡಲೇ ಬದಲಿಸ್ತಾ ಇರಬೇಕು. ಅಚ್ಚಾದ ದಿನಪತ್ರಿಕೆ ಹಾಳೆ ಇಡಬೇಡಿ, ಅದರ ಮಸಿ ಇಳಿಯುತ್ತೆ.

ಪೇಡೆನಗರಿ
ಫೋನ್ ಬ್ಯಾಡ್ರಿ. ಒಂದು ಛಲೋ ಫ್ಲಾಟ್‌ಬೆಡ್ ಸ್ಕ್ಯಾನರ್ (ಗಾಜಿನ ಮ್ಯಾಲೆ ಹಾಳಿ ಬೋರಲು ಇಡೂ ನಮೂನಿದು) ತಗೋರಿ. ಫೋನಿನ ಫೋಟೊದಾಗ ಸಾಲು ಸೊಟ್ಟ ಬರ್ತಾವ, ಒಂದ ಬದಿ ಬೆಳಕು ಒಂದ ಬದಿ ಕತ್ತಲಿ. ಅದನ್ನ ಅಕ್ಷರ ಗುರುತಿಸೋ ತಂತ್ರಾಂಶಕ್ಕ ಕೊಟ್ರ ಅರ್ಧ ತಪ್ಪು ಬರ್ತದ.

ಕನ್ನಡಿ ಗಾಜು
ಪೇಡೆನಗರಿಯವರೇ, ಬಿಡಿ ಹಾಳೆಗೆ, ಕರಪತ್ರಕ್ಕೆ ನಿಮ್ಮ ಮಾತು ಸರಿ. ಬೈಂಡ್ ಆದ ಹಳೇ ಸಂಪುಟಕ್ಕೆ ಫ್ಲಾಟ್‌ಬೆಡ್ ಅಂದ್ರೆ ಪುಸ್ತಕದ ಬೆನ್ನು ಮುರಿದ ಹಾಗೆ. ಬೋರಲು ಹಾಕಿ ಒತ್ತಬೇಕು, ಪ್ರತಿ ಪುಟಕ್ಕೂ ಎತ್ತಿ ತಿರುಗಿಸಬೇಕು. ಪೆಡಸು ಕಾಗದ ಇದನ್ನ ತಡೆಯಲ್ಲ. ಮೇಲಿನಿಂದ ಕ್ಯಾಮೆರಾ ಇಟ್ಟು ತೆಗೆಯೋದೇ ಸರಿ, ಫೋನೂ ಆಗುತ್ತೆ. ಆದರೆ ಕೈಯಲ್ಲಿ ಹಿಡಿದು ತೆಗೆಯಬಾರದು.

ಲೆಕ್ಕ ನೋಡಿ. ಫೋನಿನ 12 ಮೆಗಾಪಿಕ್ಸೆಲ್ ಚಿತ್ರ 4000 × 3000 ಚುಕ್ಕೆ. ಪುಟ 5.5 × 8.5 ಇಂಚಿದ್ದರೆ ತೆರೆದಿಟ್ಟ ಎರಡು ಪುಟ ಸೇರಿ 11 ಇಂಚು ಅಗಲ. 4000 ಭಾಗ 11, ಇಂಚಿಗೆ ಸುಮಾರು 360 ಚುಕ್ಕೆ. ಸುತ್ತ ಅಂಚು ಬಿಟ್ಟರೂ 300ಕ್ಕೆ ಕಮ್ಮಿ ಆಗಲ್ಲ. ಕನ್ನಡದ ಒತ್ತಕ್ಷರಗಳಿಗೆ ಬೇಕಾದ ಕನಿಷ್ಠ ಅದು. ಪುಟ 7.5 × 10 ಇಂಚಿನದಾದರೆ ಎರಡು ಪುಟಕ್ಕೆ 15 ಇಂಚು, ಚುಕ್ಕೆ 266ಕ್ಕೆ ಇಳಿಯುತ್ತೆ. ಹಾಗಾಗಿ ಅಲ್ಲಿ ಒಂದೊಂದೇ ಪುಟ ತೆಗೀಬೇಕು. ದಿನಪತ್ರಿಕೆಯ ಪೂರ್ತಿ ಹಾಳೆ ಒಂದೇ ಫೋಟೊದಲ್ಲಿ ಆಗಲ್ಲ, ನಾಲ್ಕು ತುಂಡು ಮಾಡಿ. 50 ಮೆಗಾಪಿಕ್ಸೆಲ್ ಅಂತ ಬರೆದ ಫೋನುಗಳು ಸಾಮಾನ್ಯವಾಗಿ ಉಳಿಸೋದು 12ನ್ನೇ, ಸೆಟ್ಟಿಂಗ್ಸಲ್ಲಿ ನೋಡಿ.

ಸ್ಟ್ಯಾಂಡಿಗೆ ಫೋನ್ ಕೂರಿಸಿ, ಕ್ಯಾಮೆರಾ ನೇರ ಕೆಳಗೆ ನೋಡ್ತಿದೆಯಾ ಅಂತ ತಿಳಿಯಕ್ಕೆ ಪುಟ ಇಡೋ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಮಲಗಿಸಿ. ಕ್ಯಾಮೆರಾದ ಕಣ್ಣು ತೆರೆಯ ಸರೀ ಮಧ್ಯದಲ್ಲಿ ಕಂಡರೆ ನೆಟ್ಟಗಿದೆ. ಪುಟದ ಮೇಲೆ 4 ಮಿಲಿಮೀಟರಿನ ಗಾಜು ಇಟ್ಟರೆ ಉಬ್ಬು ಹೋಗುತ್ತೆ, ಅದರ ಅಂಚು ಉಜ್ಜಿಸಿಕೊಂಡು ಬನ್ನಿ. ಫ್ಲ್ಯಾಶ್ ಬಂದ್. ಎಡಕ್ಕೊಂದು ಬಲಕ್ಕೊಂದು ಎಲ್‌ಇಡಿ ದೀಪ, 45 ಡಿಗ್ರಿ ಓರೆಯಲ್ಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲಾಂದ್ರೆ ಗಾಜಲ್ಲಿ ಅದೇ ಕಾಣುತ್ತೆ. ಹಿಂದಿನ ಪುಟದ ಅಕ್ಷರ ಕಾಣೋವಷ್ಟು ತೆಳ್ಳಗಿನ ಹಾಳೆಯಾದರೆ ಕೆಳಗೆ ಕಪ್ಪು ಕಾಗದ ಇಡಿ. ಫೋಕಸ್, ಬೆಳಕು ಎರಡನ್ನೂ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಕ್ಲಿಕ್ಕಿಸೋಕೆ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಬಳಸಿ, ಫೋನ್ ಅಲುಗಲ್ಲ.

ಸಂಪುಟ ಪೂರ್ತಿ ಬಿಚ್ಚಿಕೊಳ್ಳದಿದ್ರೆ 90ರಿಂದ 100 ಡಿಗ್ರಿ ಮಾತ್ರ ತೆರೆಯೋ ಹಾಗೆ ರಟ್ಟಿನ ತೊಟ್ಟಿಲು ಮಾಡಿ. ಮೊದಲು ಬಲಗಡೆಯ ಪುಟಗಳೆಲ್ಲ, ಆಮೇಲೆ ಎಡಗಡೆಯವು. ಕೊನೆಗೆ ಎರಡೂ ರಾಶಿಯ ಎಣಿಕೆ ಸಮ ಇರಬೇಕು. ಒಂದು ಪುಟ ತಪ್ಪಿದ್ರೂ ಜೋಡಿಸುವಾಗ ಅಲ್ಲಿಂದ ಮುಂದೆ ಎಲ್ಲ ಪುಟ ಅದಲುಬದಲು.

ಪೇಡೆನಗರಿ
ತೊಟ್ಟಿಲಿನ ಮಾತು ಒಪ್ಪಿದೆ. ಆದ್ರ ಕರಪತ್ರಕ್ಕ, ರಕ್ಷಾಪುಟಕ್ಕ ಸ್ಕ್ಯಾನರೇ ಬೇಕ್ರಿ, ಬಣ್ಣ ಸಮ ಬರ್ತದ. ಚಿತ್ರ ಇದ್ದಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡ್ರಿ. ಅಚ್ಚಿನ ಚುಕ್ಕಿ ಮತ್ತು ಸ್ಕ್ಯಾನಿನ ಚುಕ್ಕಿ ಒಂದಕ್ಕೊಂದು ತಾಕಿ 300ರಾಗ ಅಲೆ ಅಲೆ ಗೆರಿ ಮೂಡ್ತಾವ.

ಕನ್ನಡಿ ಗಾಜು
ಹೌದು. ಇನ್ನೊಂದು, ಫೋನಿನ ಸ್ಕ್ಯಾನ್ ಆ್ಯಪುಗಳಲ್ಲಿ ಕಾಗದ ಬೆಳ್ಳಗೆ ಮಾಡೋ ಆಯ್ಕೆ ಇರುತ್ತಲ್ಲ, ಅದನ್ನ ಆರಿಸಿಬಿಡಿ. ಕಲೆ ಜೊತೆ ಅಕ್ಷರದ ತೆಳ್ಳಗಿನ ಗೆರೆಯೂ ಹೋಗುತ್ತೆ. "ಧ"ದ ಕೆಳಗಿನ ಸೀಳು ಹೋದ್ರೆ ಅದು "ದ". ಮೂಲ ಚಿತ್ರ ಹಾಗೇ ಉಳಿಸಿ, ಸ್ವಚ್ಛ ಮಾಡೋದೆಲ್ಲ ನಕಲಿನ ಮೇಲೆ. ಅದಕ್ಕೆ ಸ್ಕ್ಯಾನ್‌ಟೇಲರ್ ಅಂತ ಉಚಿತ ತಂತ್ರಾಂಶ ಇದೆ. ಎರಡು ಪುಟ ಸೀಳೋದು, ಸೊಟ್ಟ ತಿದ್ದೋದು, ಅಂಚು ಕತ್ತರಿಸೋದು ಎಲ್ಲ ಅದರಲ್ಲೇ ಆಗುತ್ತೆ.

ದಿನದ ಸುದ್ದಿ
ಇಷ್ಟೆಲ್ಲ ಯಾಕೆ? ಜನಕ್ಕೆ ಬೇಕಾಗಿರೋದು ಓದೋಕೆ. ಊರಿನ ಗ್ರೂಪಲ್ಲಿ ಎಲ್ಲರೂ ಇದಾರೆ, ದುಬೈಲಿರೋರೂ ಇದಾರೆ. ದಿನಕ್ಕೊಂದು ಸಂಚಿಕೆ ಹಾಕಿ, ಓದ್ತಾರೆ. ಪಟ್ಟಿ, ಗಾಜು, ತೊಟ್ಟಿಲು ಅಂತ ಹೊರಟರೆ ಹುಡುಗರ ಉತ್ಸಾಹ ಒಂದು ವಾರಕ್ಕೆ ಇಳಿದುಹೋಗುತ್ತೆ.

ಪಡುಗಡಲು
ಮಾರಾಯ್ರೆ, ಗ್ರೂಪಿಗೆ ಹಾಕ್ಬೇಡಿ ಅಂತ ಯಾರೂ ಹೇಳ್ಲಿಲ್ಲ. ಗ್ರೂಪಿಗೆ ಮಾತ್ರ ಹಾಕಿದ್ರೆ ಆಗುವುದೇನು ನೋಡಿ. ನಾಳೆ ಗ್ರೂಪಿಗೆ ಸೇರಿದವರಿಗೆ ಇವತ್ತಿನ ಪಿಡಿಎಫ್ ತಾನಾಗಿ ಕಾಣುವುದಿಲ್ಲ. ಫೋನಲ್ಲಿ ಜಾಗ ತುಂಬಿದಾಗ ಮೊದಲು ಅಳಿಸುವುದೇ ಅದನ್ನು. ಬೇರೆ ಊರಿನವನೊಬ್ಬ ತನ್ನ ಅಜ್ಜನ ಲೇಖನ ಹುಡುಕಿದ್ರೆ ಅವನಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಚಿತ್ರದ ಪಿಡಿಎಫ್ ಒಳಗೆ ಹುಡುಕ್ಲಿಕ್ಕೂ ಆಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ. ಅಕ್ಷರ ಪಠ್ಯವಾಗಿ ಇದ್ದರೆ ಇದೆಲ್ಲ ಆಗ್ತದೆ.

ಗ್ರೂಪಿನ ಕೆಲಸ ಬೇರೆ ಉಂಟು. ಒಂದು ಪುಟದ ತುಣುಕು ಹಾಕಿ, ಕೆಳಗೆ ಪೂರ್ತಿ ಸಂಚಿಕೆಯ ಕೊಂಡಿ ಕೊಡಿ. "ಈ ಫೋಟೊದಲ್ಲಿರುವವರು ಯಾರು?" ಅಂತ ಕೇಳಿ. ಅದಕ್ಕೆ ಗ್ರೂಪಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಕನ್ನಡಿ ಗಾಜು
ಪಡುಗಡಲು ಹೇಳಿದ್ದಕ್ಕೆ ಒಂದು ಸೇರಿಕೆ. ತೆಗೆದ ಚಿತ್ರಗಳನ್ನ ಒಬ್ಬರಿಂದ ಒಬ್ಬರಿಗೆ ವಾಟ್ಸಾಪಲ್ಲಿ ಕಳಿಸೋದಾದ್ರೆ ಫೋಟೊ ಅಂತ ಕಳಿಸಬೇಡಿ, ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಇದ್ದ ಹಾಗೇ ಹೋಗುತ್ತೆ, ಒಂದು ಫೈಲು 2 ಜಿಬಿವರೆಗೆ.

ಕಾಯ್ದೆ ಪುಟ
ಹಕ್ಕುಸ್ವಾಮ್ಯದ ಬಗ್ಗೆ ಯಾರೂ ಮಾತಾಡ್ತಿಲ್ಲ. ಮೊದಲು ಅದನ್ನ ಬಗೆಹರಿಸ್ಕೊಳ್ಳಿ, ಯಾಕಂದ್ರೆ ಪಟ್ಟಿಯ ಯಾವ ಸಾಲು ಅಂತರಜಾಲಕ್ಕೆ, ಯಾವುದು ಗ್ರಂಥಾಲಯದ ಒಳಗೆ ಮಾತ್ರ ಅನ್ನೋದು ಅದರ ಮೇಲೇ ನಿಂತಿದೆ.

1957ರ ಕಾಯ್ದೆ ಪ್ರಕಾರ ಲೇಖಕ ಬದುಕಿದ್ದಾಗಲೇ ಪ್ರಕಟವಾದ ಬರಹಕ್ಕೆ, ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. ಆಲೂರು ವೆಂಕಟರಾಯರು ತೀರಿಕೊಂಡಿದ್ದು 1964ರಲ್ಲಿ. ಲೆಕ್ಕ 1965ರ ಜನವರಿಯಿಂದ, ಮುಗಿದದ್ದು 2024ರ ಡಿಸೆಂಬರ್ 31ಕ್ಕೆ. 2025ರಿಂದ ಅವರ ಬರಹ ಸಾರ್ವಜನಿಕ ಸ್ವತ್ತು. ಗೋವಿಂದ ಪೈ 1963ರಲ್ಲಿ ಹೋದರು, ಅವರದು 2024ರಿಂದ. ಬೇಂದ್ರೆ 1981, ಅಂದ್ರೆ 2042ರವರೆಗೆ ಕಾಯಬೇಕು. ಮಾಸ್ತಿ 1986, 2047. ಕುವೆಂಪು 1994, 2055.

ಲೇಖಕ ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಬರಹಕ್ಕೆ ಪ್ರಕಟಣೆಯ ಮರುವರ್ಷದಿಂದ 60. ಹೆಸರಿಲ್ಲದ ಅಥವಾ ಕಾವ್ಯನಾಮದ ಬರಹಕ್ಕೂ ಹಾಗೇ. ಆದರೆ ಆ ಅವಧಿ ಮುಗಿಯೋ ಮೊದಲೇ ಕಾವ್ಯನಾಮದ ಹಿಂದಿನವರು ಯಾರು ಅಂತ ಬಹಿರಂಗ ಆಗಿದ್ದರೆ ಲೆಕ್ಕ ಮತ್ತೆ ಅವರ ಮರಣಕ್ಕೆ ಹೋಗುತ್ತೆ. ಕನ್ನಡದ ಹೆಚ್ಚಿನ ಕಾವ್ಯನಾಮಗಳ ಕಥೆ ಇದೇ.

ಇಲ್ಲಿ ಎಲ್ಲರೂ ಎಡವೋ ಜಾಗ: "ಸಂಪಾದಕರು ತೀರಿಕೊಂಡು 60 ವರ್ಷ ಆಯ್ತು, ಪತ್ರಿಕೆ ಪೂರ್ತಿ ಮುಕ್ತ." ಹಾಗಲ್ಲ. ಒಂದು ಸಂಚಿಕೆಯಲ್ಲಿ ಹತ್ತು ಜನ ಬರೆದಿದ್ದರೆ ಹತ್ತು ಲೆಕ್ಕ. ರಕ್ಷಾಪುಟದ ಚಿತ್ರಕಾರರದ್ದು ಹನ್ನೊಂದನೆಯದು.

ದಿನದ ಸುದ್ದಿ
ಸರ್, ದುಡ್ಡಿಗೆ ಮಾರ್ತಿಲ್ಲ ಅಲ್ವಾ? ಉಚಿತವಾಗಿ ಹಂಚೋಕೂ ಅಡ್ಡಿನಾ?

ಕಾಯ್ದೆ ಪುಟ
ದುಡ್ಡು ತಗೊಂಡ್ರಾ ಇಲ್ವಾ ಅನ್ನೋದರ ಮೇಲೆ ಅದು ತೀರ್ಮಾನ ಆಗಲ್ಲ. ಪ್ರತಿ ಮಾಡೋದು, ಸಾರ್ವಜನಿಕರಿಗೆ ತಲುಪಿಸೋದು, ಎರಡೂ ಹಕ್ಕುದಾರರದ್ದು.

ಗ್ರಂಥಾಲಯಕ್ಕೆ ಮಾತ್ರ ಒಂದು ಬಾಗಿಲು ತೆರೆದಿದೆ. 52ನೇ ಸೆಕ್ಷನ್ನಿನಲ್ಲಿ 2012ರ ತಿದ್ದುಪಡಿ ಸೇರಿಸಿದ ಭಾಗ ನೋಡಿ: ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಹತ್ತಿರ ಕಾಗದದ ಪ್ರತಿ ಇದ್ದರೆ ಸಂರಕ್ಷಣೆಗಾಗಿ ಅದನ್ನ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಅಡ್ಡಿಯಿಲ್ಲ. ಇಟ್ಟುಕೊಳ್ಳೋಕೆ ಅನುಮತಿ ಸಿಕ್ಕಿತು ಅಂದ್ರೆ ಹಂಚೋಕೂ ಸಿಕ್ಕಿತು ಅಂತ ಅಲ್ಲ, ಅಷ್ಟೇ. ಹಕ್ಕು ಮುಗಿದವು ಮಾತ್ರ ಹೊರಗೆ ಹೋಗಲಿ.

ಯುವಕ ಸಂಘದ ಸಂಚಿಕೆಗಳ ವಿಷಯ ಸುಲಭ. ಬರೆದವರು, ಇಲ್ಲವೇ ಅವರ ಮಕ್ಕಳು ಊರಲ್ಲೇ ಇರ್ತಾರೆ. ಒಂದು ಹಾಳೆಯಲ್ಲಿ ಲೇಖನದ ಹೆಸರು, ಸಂಚಿಕೆ, "ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ ಪರವಾನಗಿಯಲ್ಲಿ ಬಿಡುಗಡೆ ಮಾಡಲು ಒಪ್ಪಿದ್ದೇನೆ" ಅನ್ನೋ ಸಾಲು, ಸಹಿ, ತಾರೀಕು. ಬರೆದವರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು ಅನ್ನೋ ಪರವಾನಗಿ ಅದು. ವಾರಸುದಾರರು ಮೂವರಿದ್ದರೆ ಮೂವರ ಸಹಿಯೂ ಬೇಕು. ನಿರಂಜನರ ಕೃತಿಗಳು ಅವರ ಕುಟುಂಬದವರ ಒಪ್ಪಿಗೆಯಿಂದ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ವಿಶ್ವವಿದ್ಯಾನಿಲಯದ ಒಪ್ಪಿಗೆಯಿಂದ ಹೀಗೇ ಮುಕ್ತ ಪರವಾನಗಿಗೆ ಬಂದವು. ಕೇಳಿದರೆ ಕೊಡೋರು ಇದಾರೆ, ಕೇಳೋರು ಕಮ್ಮಿ.

ಅಡಿಕೆ ತೋಟ
ತಾರೀಕೇ ಇಲ್ಲದ ಸಂಚಿಕೆ ಇದ್ರೆ? ರಕ್ಷಾಪುಟ ಕಿತ್ತುಹೋಗಿರೋವು ಇರ್ತಾವಲ್ಲ.

ಸಂವತ್ಸರ
ಇದು ನನಗೆ ಇಷ್ಟದ ಭಾಗ. ಒಳಗಿನ ಗುರುತುಗಳಿಂದಲೇ ಹಿಡೀಬಹುದು.

ಬೆಲೆ ನೋಡಿ. ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ದಶಮಾಂಶ ನಾಣ್ಯ ಬಂದದ್ದು ಆ ತಿಂಗಳ ಒಂದರಿಂದ. "ನಯೇ ಪೈಸೆ" ಅಂತಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ರಾಜ್ಯದ ಹೆಸರು ಮೈಸೂರು ಅಂತಲೋ ಕರ್ನಾಟಕ ಅಂತಲೋ ನೋಡಿ, ಬದಲಾದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲೇ ಪತ್ರಿಕೆಯವರು ಅಭಿಮಾನದಿಂದ ಕರ್ನಾಟಕ ಅಂತ ಬರೆದುಕೊಳ್ತಿದ್ದರು, ಹಾಗಾಗಿ ಲೇಖನದಲ್ಲಿ ನೋಡಬೇಡಿ, ಅಂಚೆ ವಿಳಾಸದಲ್ಲಿ ನೋಡಿ.

ಸಂವತ್ಸರ ಮಾತ್ರ ಅಚ್ಚಾಗಿದ್ದರೆ: 60 ವರ್ಷದ ಚಕ್ರ, ಪ್ರಭವ 1927-28 ಮತ್ತು 1987-88. ವಿಕಾರಿ 33ನೆಯದು, ಅಂದರೆ 1959-60, ಇಲ್ಲವೇ 2019-20. ಹಳೇ ಕಟ್ಟಿನಲ್ಲಿ ಎರಡನೆಯದಕ್ಕೆ ಅವಕಾಶ ಇಲ್ಲ. ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿ. ಶಕೆ 1881 ಅಂದ್ರೆ 1959. ಯುಗಾದಿಗೆ ವರ್ಷ ಬದಲಾಗೋದ್ರಿಂದ ಪುಷ್ಯ, ಮಾಘ, ಫಾಲ್ಗುಣದ ಸಂಚಿಕೆಗಳಿಗೆ ಸಾಮಾನ್ಯವಾಗಿ 79 ಕೂಡಬೇಕಾಗುತ್ತೆ. ಪುಷ್ಯ ಡಿಸೆಂಬರಿನಲ್ಲೇ ಶುರುವಾಗೋ ವರ್ಷಗಳಿವೆ, ಅಲ್ಲಿ ಪಂಚಾಂಗ ನೋಡಿ.

ಕೊನೆಯ ಪುಟದ ಅಡಿಯಲ್ಲಿ ಮುದ್ರಕರು, ಪ್ರಕಾಶಕರು, ಊರು ಅಂತ ಸಣ್ಣ ಅಕ್ಷರದ ಸಾಲು ಇರುತ್ತೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅದನ್ನ ಕಡ್ಡಾಯ ಮಾಡಿತ್ತು. ಅಂಚು ಕತ್ತರಿಸುವಾಗ ಮೊದಲು ಹೋಗೋದೇ ಆ ಸಾಲು, ಜೋಪಾನ.

ಪೇಡೆನಗರಿ
ಜಾಹೀರಾತು ಪುಟಾನೂ ಬಿಡಬ್ಯಾಡ್ರಿ! ಭಾಳ ಮಂದಿ "ಲೇಖನ ಅಷ್ಟೇ ಸಾಕು" ಅಂತ ಜಾಹೀರಾತು ಬಿಟ್ಟು ಸ್ಕ್ಯಾನ್ ಮಾಡ್ತಾರ. ಯಾವ ಊರಾಗ ಯಾವ ಅಂಗಡಿ ಇತ್ತು, ಸೈಕಲ್ಲಿಗೆ ಏನ್ ಬೆಲಿ, ಯಾವ ಕಂಪನಿ ನಾಟಕ ಎಲ್ಲಿ ಕ್ಯಾಂಪ್ ಹಾಕಿತ್ತು ಅನ್ನೂದು ಬ್ಯಾರೆ ಎಲ್ಲೂ ಸಿಗೂದಿಲ್ಲ.

ದಿನದ ಸುದ್ದಿ
ಜಾಹೀರಾತಿಗೆ ಯಾರು ಕರಡು ತಿದ್ದುತ್ತಾರೆ? ಪುಟಗಳು ಸುಮ್ನೆ ಜಾಸ್ತಿ ಆಗ್ತವೆ.

ಪೇಡೆನಗರಿ
ಚಿತ್ರ ಇರಲಿ, ಪಠ್ಯ ಆಮ್ಯಾಲೆ. ತೆಗೀದ ಪುಟಕ್ಕ ಮುಂದ ಯಾರೂ ಏನೂ ಮಾಡಾಕ ಆಗೂದಿಲ್ಲ.

ಕರಡುಕಾರ್ತಿ
ಈಗ ಪಠ್ಯದ ವಿಷಯ. ಎಲ್ಲಿ ಇಡೋದು ಅನ್ನೋ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ.

ಹಕ್ಕು ಮುಗಿದ ಸಂಚಿಕೆಗಳ ಚಿತ್ರ ಮತ್ತು ಪಿಡಿಎಫ್ ಎರಡನ್ನೂ ಅಂತರಜಾಲದ ಉಚಿತ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಅಲ್ಲಿ ಗುರುತಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಯಲ್ಲೇ ಇರಬೇಕು, ಆದರೆ ಶೀರ್ಷಿಕೆಯನ್ನ ಕನ್ನಡದಲ್ಲೇ ಬರೀರಿ. ಭಾಷೆಯ ಜಾಗದಲ್ಲಿ ಕನ್ನಡ ಅಂತ ಆರಿಸೋದನ್ನ ಮರೀಬೇಡಿ. ಅದನ್ನ ನೋಡಿಯೇ ಅವರ ಯಂತ್ರ ಟೆಸರಾಕ್ಟ್ ತಂತ್ರಾಂಶದಿಂದ ಅಕ್ಷರ ಗುರುತಿಸೋದು. ಖಾಲಿ ಬಿಟ್ಟರೆ ಕನ್ನಡ ಪುಟವನ್ನ ಬೇರೆ ಲಿಪಿ ಅಂತ ಓದಿ ಕಸ ಕೊಡೋ ಸಾಧ್ಯತೆ ಇದೆ.

ಆ ಪಿಡಿಎಫನ್ನೇ ಹಳೇ ಬರಹಗಳನ್ನ ಪಠ್ಯವಾಗಿ ಇಡೋ ವಿಕಿಪೀಡಿಯದ ಸೋದರ ತಾಣ ಕನ್ನಡ ವಿಕಿಸೋರ್ಸ್‌ಗೆ ತಂದರೆ ಒಂದು ಬದಿ ಪುಟದ ಚಿತ್ರ, ಇನ್ನೊಂದು ಬದಿ ಪಠ್ಯ. ಯಂತ್ರ ಓದಿದ್ದನ್ನ ಮನುಷ್ಯರು ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ಪರಿಶೀಲಿಸಿದ್ದು ಹಸಿರು. ತಿದ್ದಿದವರೇ ಹಸಿರು ಮಾಡೋಕೆ ಆಗಲ್ಲ.

ಯಂತ್ರ ಎಡವೋ ಜಾಗ ಗೊತ್ತಿದ್ದರೆ ಕೆಲಸ ಅರ್ಧ ಆಗುತ್ತೆ. ಹಳೇ ಅಚ್ಚಿನಲ್ಲಿ ಅರ್ಕಾವತ್ತು ಕನ್ನಡದ ಒಂಬತ್ತರ ಥರವೇ ಕಾಣುತ್ತೆ, ಹಾಗಾಗಿ "ಧರ್ಮ" ಬರೋ ಕಡೆ "ಧಮ೯", "ಮೂರ್ತಿ" ಬರೋ ಕಡೆ "ಮೂತಿ೯" ಬರುತ್ತೆ. ಇದನ್ನ ಹುಡುಕಿ ಬದಲಿಸೋಕೆ ಬರುತ್ತೆ: ಅಕ್ಷರಕ್ಕೆ ಜಾಗ ಬಿಡದೆ ಅಂಟಿಕೊಂಡ ೯ ಅರ್ಕಾವತ್ತು, ಜಾಗ ಬಿಟ್ಟು ನಿಂತ ೯ ನಿಜವಾದ ಅಂಕಿ. ಆದರೆ "ರ್" ಅನ್ನ ಹಿಂದಿನ ಪೂರ್ತಿ ಅಕ್ಷರಕ್ಕಿಂತ ಮೊದಲಿಗೆ ಒಯ್ಯಬೇಕು, ಗುಣಿತ ಒತ್ತು ಸಮೇತ. "ತಿ"ಗಿಂತ ಮೊದಲು, ಇಕಾರಕ್ಕಿಂತ ಮೊದಲು ಅಲ್ಲ.

ಸೊನ್ನೆ ಎರಡನೆಯದು. "ಬೆಂಗಳೂರು" ಅನ್ನೋದರ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತರೆ ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗಲ್ಲ. ಮಸಿ ತುಂಬಿದ ಅಚ್ಚಲ್ಲಿ ದ-ಧ, ಬ-ಭ, ಡ-ಢ, ಪ-ಫ ಅದಲುಬದಲು. ದೀರ್ಘದ ಚಿಹ್ನೆ ಹಾರಿಹೋಗಿ "ಮೇಲೆ" ಇದ್ದದ್ದು "ಮೆಲೆ". ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರಗಳನ್ನೇ ಒಂದು ಬೇರೆ ಸಾಲು ಅಂತ ತಿಳಿಯುತ್ತೆ. ಎರಡು ಅಂಕಣದ ಪುಟವನ್ನ ಅಡ್ಡಡ್ಡ ಓದಿ ಎರಡು ಲೇಖನ ಬೆರೆಸುತ್ತೆ. ಅಂಥ ಪುಟವನ್ನ ಯಂತ್ರಕ್ಕೆ ಕೊಡೋ ಮೊದಲೇ ಅಂಕಣಕ್ಕೊಂದರಂತೆ ಕತ್ತರಿಸಬೇಕು.

ಸೊನ್ನೆ ಅಗಲ
ಕರಡುಕಾರ್ತಿ ಮೇಡಂ ಹೇಳಿದ್ದರ ಜೊತೆ ಕಣ್ಣಿಗೆ ಕಾಣದ ತಪ್ಪುಗಳೂ ಇವೆ. "ಕೇ" ಅನ್ನ ಯೂನಿಕೋಡಲ್ಲಿ (ಕಂಪ್ಯೂಟರು ಅಕ್ಷರ ಉಳಿಸೋ ಪದ್ಧತಿ) ಎರಡು ಥರ ಬರೀಬಹುದು. ಏಕಾರದ ಒಂದೇ ಚಿಹ್ನೆ ಹಾಕಿ, ಇಲ್ಲವೇ ಎಕಾರ ಹಾಕಿ ಅದಕ್ಕೆ ದೀರ್ಘದ ಚಿಹ್ನೆ ಸೇರಿಸಿ. ತೆರೆಯ ಮೇಲೆ ಒಂದೇ, ಒಳಗೆ ಬೇರೆ. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಅನ್ನೋ ಯೂನಿಕೋಡಿನ ಪ್ರಮಾಣಿತ ರೂಪಕ್ಕೆ ತಂದರೆ ಒಂದೇ ಆಗುತ್ತೆ. ವಿಕಿ ಅದನ್ನ ತಾನೇ ಮಾಡಿಕೊಳ್ಳುತ್ತೆ, ನಿಮ್ಮ ಕಂಪ್ಯೂಟರಿನ ಫೈಲು ಮಾಡಲ್ಲ.

"ರ‍್ಯಾಂಕ್" ಥರದ ಪದಗಳಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕಾದರೆ ನಡುವೆ ಅಗಲವಿಲ್ಲದ ಜೋಡಕ (ಜೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಗುರುತು) ಬೇಕು. ಅರ್ಕಾವತ್ತಿನ ಪದಕ್ಕೆ ಅದು ಬೇಡ.

ಸಂಘದ ಇತ್ತೀಚಿನ ಸಂಚಿಕೆಗಳು ನುಡಿ, ಬರಹ ಅನ್ನೋ ಕನ್ನಡ ತಂತ್ರಾಂಶಗಳ ಹಳೇ ಫಾಂಟಲ್ಲಿ ಟೈಪಾಗಿ ಡಿಟಿಪಿ ಅಂಗಡಿಯ ಕಂಪ್ಯೂಟರಲ್ಲಿ ಬಿದ್ದಿರ್ತವೆ. ಅವನ್ನ ಸ್ಕ್ಯಾನ್ ಮಾಡಬೇಡಿ. ಮೂಲ ಫೈಲು ಕೇಳಿ ತಗೊಂಡು ಯೂನಿಕೋಡಿಗೆ ಪರಿವರ್ತಿಸಿ, ಶ್ರಮ ತುಂಬ ಕಮ್ಮಿ. ಪರಿವರ್ತಕ ಹೆಚ್ಚಾಗಿ ಎಡವೋದು ಅರ್ಕಾವತ್ತು, ಎರಡು ಒತ್ತಿರೋ ಅಕ್ಷರ ಮತ್ತು ನಡುವೆ ಬಂದ ಇಂಗ್ಲಿಷ್ ಪದದಲ್ಲಿ.

ಪಡುಗಡಲು
ಹಳೇ ಕಾಗುಣಿತ ತಿದ್ದಬಹುದೋ? "ಮಾಡುವದು", "ಹೋಗುವದಿಲ್ಲ" ಅಂತೆಲ್ಲ ಇರ್ತದೆ.

ಕರಡುಕಾರ್ತಿ
ತಿದ್ದಬಾರದು. ಅಚ್ಚಾದದ್ದು ಅಚ್ಚಾದ ಹಾಗೇ. ಉತ್ತರ ಕರ್ನಾಟಕದ ಮುದ್ರಣದಲ್ಲಿ "ಮಾಡುವದು" ಅನ್ನೋದೇ ರೂಢಿ, ಅದು ತಪ್ಪಲ್ಲ. ಖಚಿತವಾದ ಮೊಳೆದೋಷ (ಅಚ್ಚಿನ ತಪ್ಪು) ಇದ್ದರೆ ವಿಕಿಸೋರ್ಸಲ್ಲಿ ಮೂಲರೂಪ, ಸರಿರೂಪ ಎರಡನ್ನೂ ತೋರಿಸೋ ಟೆಂಪ್ಲೇಟ್ ಇದೆ.

ಬೆಳಗಿನ ಪಾಠ
ಹೈಸ್ಕೂಲು ಮಕ್ಕಳನ್ನ ಸೇರಿಸಿಕೊಳ್ಳಬಹುದಾ? ಎಂಟು-ಒಂಬತ್ತನೇ ತರಗತಿಯವರಿಗೆ ಕನ್ನಡ ಟೈಪಿಂಗೂ ಬರುತ್ತೆ, ಓದೂ ಆಗುತ್ತೆ.

ದಿನದ ಸುದ್ದಿ
ಇದನ್ನ ಮಾತ್ರ ಒಪ್ಪಲ್ಲ. ಕಲಿಕೆ ಅನ್ನೋ ಹೆಸರಲ್ಲಿ ಮಕ್ಕಳ ಕೈಲಿ ಪುಕ್ಕಟೆ ಟೈಪಿಂಗ್ ಮಾಡಿಸೋದು ಆಗುತ್ತೆ. ಅವರಿಗೆ ಅಂಕ ಬರೋದು ಬೇರೆ ಕಡೆ.

ಕರಡುಕಾರ್ತಿ
ರಾಶಿ ಪುಟ ಕೊಟ್ಟು ಗುರಿ ಇಟ್ಟರೆ ಖಂಡಿತ ಹಾಗೇ ಆಗುತ್ತೆ, ಆ ಎಚ್ಚರ ಬೇಕು. ಆದರೆ ಬೇರೆ ದಾರಿ ಇದೆ. ಹಳೇ ಮುದ್ರಣಾಲಯಗಳಲ್ಲಿ ಒಬ್ಬರು ಮೂಲ ಪ್ರತಿ ಗಟ್ಟಿಯಾಗಿ ಓದೋದು, ಇನ್ನೊಬ್ಬರು ಕರಡು ನೋಡೋದು ಇತ್ತಲ್ಲ, ಹಾಗೇ ಜೋಡಿ ಮಾಡಿ. ಊರಿನ ನಿವೃತ್ತ ಮೇಷ್ಟ್ರು ಅಥವಾ ಅಜ್ಜಿ ಕಾಗದ ನೋಡಿ ಓದಲಿ, ಹುಡುಗಿ ತೆರೆ ನೋಡಿ ತಿದ್ದಲಿ. ಮಹಾಪ್ರಾಣ, ದೀರ್ಘ, ಅಲ್ಪವಿರಾಮ ಎಲ್ಲ ಬಾಯಲ್ಲಿ ಹೇಳಬೇಕು. ಒಬ್ಬರೇ ನೋಡಿದಾಗ ಕಣ್ಣು ತಪ್ಪನ್ನ ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತೆ, ಕಿವಿಗೆ ಬಿದ್ದದ್ದು ತೆರೆಯಲ್ಲಿ ಇಲ್ಲದಿದ್ರೆ ಕೂಡಲೇ ನಿಲ್ಲುತ್ತೆ. ಒಂದು ಸಲಕ್ಕೆ ಎರಡು ಪುಟ ಸಾಕು, ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ. "ಪಲ್ಲ ಅಂದ್ರೇನು, ಕೊಳಗ ಅಂದ್ರೆಷ್ಟು" ಅಂತ ಮಗು ಕೇಳಿದಾಗ ಹೇಳೋರು ಪಕ್ಕದಲ್ಲೇ ಇರ್ತಾರೆ. ಆ ಪ್ರಶ್ನೆ ಏಳದಿದ್ರೆ ಅದು ಬರೀ ಟೈಪಿಂಗೇ, ದಿನದ ಸುದ್ದಿಯವರು ಹೇಳಿದ್ದು ನಿಜ.

ಬೆಳಗಿನ ಪಾಠ
ವಿಕಿಸೋರ್ಸಿನ ಖಾತೆಗಳ ವಿಷಯ? ಮಕ್ಕಳ ಹೆಸರು ಹೊರಗೆ ಕಾಣಬಾರದು.

ಕರಡುಕಾರ್ತಿ
ನಿಜದ ಹೆಸರು, ಶಾಲೆಯ ಹೆಸರು, ಹುಟ್ಟಿದ ವರ್ಷ ಯಾವುದೂ ಬೇಡ. ಹಕ್ಕಿ ಹೆಸರೋ ಮರದ ಹೆಸರೋ ಇಟ್ಟುಕೊಳ್ಳಲಿ. ಒಂದೇ ಖಾತೆಯನ್ನ ತರಗತಿಯವರೆಲ್ಲ ಬಳಸೋದು ಮಾತ್ರ ಬೇಡ, ಹಳದಿ-ಹಸಿರಿನ ಅರ್ಥವೇ ಹೋಗುತ್ತೆ. ಒಂದೇ ಇಂಟರ್ನೆಟ್ ಸಂಪರ್ಕದಿಂದ ಒಂದೇ ದಿನ ಆರಕ್ಕಿಂತ ಹೆಚ್ಚು ಖಾತೆ ತೆರೆಯೋಕೆ ಬಿಡಲ್ಲ, ಮನೇಲೇ ತೆರೆದುಕೊಂಡು ಬರೋಕೆ ಹೇಳಿ.

ಅಡಿಕೆ ತೋಟ
ಕೈಲಿ ಟೈಪ್ ಮಾಡೋ ಬದಲು ಗಟ್ಟಿಯಾಗಿ ಓದಿ ಫೋನಿನ ಧ್ವನಿ ಟೈಪಿಂಗಲ್ಲಿ ಬರೆಸಿದ್ರೆ?

ಸೊನ್ನೆ ಅಗಲ
ಯಂತ್ರ ಓದಲಾಗದಷ್ಟು ಮಾಸಿದ ಪುಟಕ್ಕೆ ಆಗುತ್ತೆ. ವಿರಾಮಚಿಹ್ನೆ ಎಲ್ಲ ಕೈಯಿಂದ ಹಾಕಬೇಕು. ಹಳಗನ್ನಡ ಪದ್ಯಕ್ಕೆ ಬೇಡವೇ ಬೇಡ, ಗೊತ್ತಿಲ್ಲದ ಪದವನ್ನ ಗೊತ್ತಿರೋ ಪದವಾಗಿ ಬರೆದುಬಿಡುತ್ತೆ. ಅಕ್ಷರ ತಪ್ಪಾದರೆ ಕಣ್ಣಿಗೆ ಬೀಳುತ್ತೆ, ಪದವೇ ಬದಲಾದರೆ ಬೀಳಲ್ಲ.

ಕಡತದ ಕೋಣೆ
ಉಳಿಸೋದರ ಬಗ್ಗೆ ಎರಡು ಮಾತು. ಮೂರು ಪ್ರತಿ ಇರಲಿ. ಗ್ರಂಥಾಲಯದ ಕಂಪ್ಯೂಟರಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಹಾರ್ಡ್‌ಡಿಸ್ಕಿನಲ್ಲಿ ಒಂದು, ಅಂತರಜಾಲದಲ್ಲಿ ಒಂದು. ಪೆನ್‌ಡ್ರೈವ್ ಒಯ್ಯೋಕೆ ಮಾತ್ರ, ಇಡೋಕೆ ಅಲ್ಲ. ಒಂದು ಚಿತ್ರ 4 ಎಂಬಿ ಅಂದುಕೊಂಡರೆ 64 ಪುಟದ ಸಂಚಿಕೆ ಸುಮಾರು 256 ಎಂಬಿ, ವರ್ಷದ ಹನ್ನೆರಡು ಸಂಚಿಕೆಗೆ 3 ಜಿಬಿ. 1 ಟಿಬಿ ಡಿಸ್ಕಿಗೆ ನಿಮ್ಮ ಅಟ್ಟ ಪೂರ್ತಿ ಹಿಡಿಯುತ್ತೆ. ವರ್ಷಕ್ಕೊಮ್ಮೆ ತೆರೆದು ನೋಡೋ ಹೊಣೆ ಒಬ್ಬರ ಹೆಸರಲ್ಲಿ ಬರೆದಿಡಿ.

ಸ್ಕ್ಯಾನ್ ಆಯ್ತು ಅಂತ ಕಾಗದ ಮಾರಬೇಡಿ. 52ನೇ ಸೆಕ್ಷನ್ನಿನ ಅನುಮತಿ ಕಾಗದದ ಪ್ರತಿ ಇರೋ ಗ್ರಂಥಾಲಯಕ್ಕೆ ಅಂತ ಕಾಯ್ದೆ ಪುಟದವರು ಮೇಲೇ ಹೇಳಿದಾರೆ. ಚಿತ್ರದಲ್ಲಿ ಮಸುಕಾದ ಪುಟ ಮತ್ತೆ ತೆಗೆಯೋಕೂ ಅದೇ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ, ಗೆದ್ದಲು ಗೋಡೆಯಿಂದಲೇ ಬರೋದು. ನುಸಿಗುಳಿಗೆ ಹಾಳೆಗೆ ತಾಗಬಾರದು.

ತುಂಗೆಯ ದಡ
ಎಲ್ಲರಿಗೂ ಧನ್ಯವಾದ. ಗುಜರಿ ಮಾತು ಇನ್ನು ಏಳಲ್ಲ. ಭಾನುವಾರದಿಂದ ಪಟ್ಟಿ ಶುರು, ಯುವಕ ಸಂಘದ ಸಂಚಿಕೆಗಳಿಂದ. ಅವುಗಳ ಸಹಿ ಪತ್ರದ ಜವಾಬ್ದಾರಿಯನ್ನ ಹಿರಿಯರೊಬ್ಬರು ವಹಿಸಿಕೊಂಡಿದಾರೆ. ಕೊನೇದೊಂದು ಪ್ರಶ್ನೆ. ಹುಳ ತಿಂದು ಪದಗಳೇ ಹೋಗಿರೋ ಕಡೆ ಏನು ಬರೀಬೇಕು? ಕೆಲವು ಕಡೆ ಅರ್ಥದಿಂದ ಊಹಿಸಬಹುದು.

ಕರಡುಕಾರ್ತಿ
ಊಹಿಸಿ ತುಂಬಬೇಡಿ. ಚೌಕ ಆವರಣದಲ್ಲಿ ಮೂರು ಚುಕ್ಕೆ ಹಾಕಿ, ಆ ಪುಟವನ್ನ ಸಮಸ್ಯೆ ಇದೆ ಅಂತ ಗುರುತಿಸಿ, ಹಳದಿ ಮಾಡಬೇಡಿ. ಅರ್ಧ ಅಕ್ಷರ ಕಾಣ್ತಿದ್ದು ಉಳಿದದ್ದು ಖಚಿತ ಇದ್ದರೆ ಮಾತ್ರ ತುಂಬಿದ ಭಾಗವನ್ನ ಚೌಕ ಆವರಣದೊಳಗೆ ಬರೀರಿ. ಅದೇ ಸಂಚಿಕೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಬೇರೆ ಊರಿನ ಸಂಘದಲ್ಲೋ ಇರಬಹುದು, ನಿಮ್ಮ ಪಟ್ಟಿಯ "ಕಾಣೆಯಾದ ಪುಟ" ಕಾಲಮ್ಮನ್ನ ಇಲ್ಲೇ ಹಾಕಿ, ನೋಡಿದವರು ಹೇಳ್ತಾರೆ. ಸಿಕ್ಕರೆ ಆ ಪುಟ ಮಾತ್ರ ಸೇರಿಸಿ, ಯಾವ ಪ್ರತಿಯಿಂದ ಬಂತು ಅಂತ ಚರ್ಚಾ ಪುಟದಲ್ಲಿ ಬರೆದಿಡಿ.

ಪೇಡೆನಗರಿ
ಪಟ್ಟಿ ಹಾಕ್ರಿ. 1940ರ ದಶಕದ ಧಾರವಾಡ, ಹುಬ್ಬಳ್ಳಿ ಅಚ್ಚಿನ ಸಂಚಿಕೆ ಇದ್ರ ಇಲ್ಲಿನ ಪ್ರತಿಗೆ ಹೋಲಿಸಿ ನೋಡ್ತೀನಿ.